ತುದಿ ಮುಟ್ಟದ ವಿಡಿಯೋ

ನಮ್ಮ 'ಹೊಸಮನೆ ಬಳಗ' ಗುಂಪಿನಲ್ಲಿ ನಿನ್ನೆ ರಾತ್ರಿ ನಡೆದದ್ದು. ಹೆಸರು ಬದಲಿಸಿದ್ದೇನೆ, ನಡುವೆ ಬಂದ ಗುಡ್ ನೈಟ್ ಗುಲಾಬಿಗಳನ್ನು ಕಿತ್ತಿದ್ದೇನೆ. ಗೀತಾ ದೊಡ್ಡಮ್ಮ ಅಂದರೆ ರಶ್ಮಿಯ ಅಮ್ಮ.

ರಶ್ಮಿ: (ವಿಡಿಯೋ, 42 ಸೆಕೆಂಡ್) ಕಾಶ್ಮೀರದ ಗುಲ್ಮಾರ್ಗ್. ಸ್ಕೀ ಹಲಗೆ ಕಾಲಿಗೆ ಕಟ್ಟಿಕೊಂಡೇ ಅಫರ್ವಾತ್ ಬೆಟ್ಟ ಹತ್ತುತ್ತಿರುವುದು. ಏದುಸಿರು ನನ್ನದೇ, ನಗಬೇಡಿ.

ಶ್ರೀಧರ ಚಿಕ್ಕಪ್ಪ: ಭಲೇ! ತುದಿಯಲ್ಲಿ ನಿಂತ ಫೋಟೋ ಎಲ್ಲಿ?

ರಶ್ಮಿ: ತುದಿಗೆ ಹೋಗಲಿಲ್ಲ ಚಿಕ್ಕಪ್ಪ. ಅರ್ಧದಿಂದ ವಾಪಸ್.

ಶ್ರೀಧರ ಚಿಕ್ಕಪ್ಪ: ವಿಮಾನ, ಗೈಡು, ಬಾಡಿಗೆ ಸ್ಕೀ ಅಂತ ಅಷ್ಟು ದುಡ್ಡು ಸುರಿದು ಅರ್ಧದಿಂದ ವಾಪಸ್ಸಾ? ಅಲ್ಲಿ ತಂತಿ ಮೇಲೆ ಹೋಗುವ ಗೊಂಡೋಲಾ ಇದೆಯಲ್ಲ ಮಾರಾಯ್ತಿ. ನಾನೂ ನಿನ್ನ ಚಿಕ್ಕಮ್ಮನೂ ಅದರಲ್ಲೇ ಕೂತು ಮೇಲೆ ಹೋಗಿ ಮ್ಯಾಗಿ ತಿಂದು ಬಂದಿದ್ದೇವೆ.

ಸುಮತಿ ಅತ್ತೆ: ಹೋಗಿದ್ದೇ ತಪ್ಪು. 2023ರ ಫೆಬ್ರವರಿಯಲ್ಲಿ ಪೋಲೆಂಡಿನವರಿಬ್ಬರು ಹಿಮದಡಿ ಸತ್ತಿದ್ದು ಅದೇ ಬೆಟ್ಟದಲ್ಲಿ ಅಲ್ವಾ? ಮರುವರ್ಷ ಅದೇ ತಿಂಗಳು ರಷ್ಯಾದವನೊಬ್ಬ. ಅವರೆಲ್ಲ ಹಿಮ ನೋಡಿಕೊಂಡೇ ಬೆಳೆದವರು. ನೀನು ಸಾಗರದವಳು.

ಶ್ರೀಧರ ಚಿಕ್ಕಪ್ಪ: ಯಾಕೆ, ಕೊಡಗಿನ ಸ್ಕೀ ಓಟಗಾರ್ತಿ ಭವಾನಿ ಅದೇ ಗುಲ್ಮಾರ್ಗ್‌ನಲ್ಲಿ ಚಿನ್ನ ಗೆಲ್ಲಲಿಲ್ವಾ?

ರಶ್ಮಿ: ಅವರದು ಕ್ರಾಸ್ ಕಂಟ್ರಿ ಚಿಕ್ಕಪ್ಪ. ಹದ ಮಾಡಿದ ಟ್ರ್ಯಾಕ್ ಮೇಲೆ ಓಟ. ನಮ್ಮದು ಹಾದಿಯೇ ಇಲ್ಲದ ಇಳಿಜಾರು. ಸ್ಕೀ ಅಡಿಗೆ ಸ್ಕಿನ್ ಅಂತ ಒಂದು ಪಟ್ಟಿ ಅಂಟಿಸುತ್ತೇವೆ. ಬೆಕ್ಕಿನ ಬೆನ್ನು ಇದ್ದ ಹಾಗೆ: ಒಂದು ಕಡೆ ಸವರಿದರೆ ನುಣ್ಣಗೆ, ಉಲ್ಟಾ ಸವರಿದರೆ ತಡೆ. ಹಾಗಾಗಿ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹೆಜ್ಜೆ ಇಡುವಾಗ ಹಿಮ್ಮಡಿ ಮೇಲೇಳುತ್ತದೆ, ಬೂಟಿನ ತುದಿ ಮಾತ್ರ ಸ್ಕೀಗೆ ಸಿಕ್ಕಿಕೊಂಡಿರುತ್ತದೆ.

ಸುಮತಿ ಅತ್ತೆ: ಸ್ಕಿನ್ ಅಂದರೆ ಚರ್ಮವಾ? ಯಾವ ಪ್ರಾಣಿದು?

ರಶ್ಮಿ: ಹಿಂದೆ ಸೀಲ್ ಚರ್ಮ ಇತ್ತಂತೆ ಅತ್ತೆ. ಈಗ ನೈಲಾನ್, ಇಲ್ಲ ಮೇಕೆ ಕೂದಲು.

(ಮೇಕೆಯ ಬಗ್ಗೆ ಹನ್ನೊಂದು ಮೆಸೇಜು. ಬಿಟ್ಟಿದ್ದೇನೆ.)

ಶ್ರೀಧರ ಚಿಕ್ಕಪ್ಪ: ಎಲ್ಲ ಸರಿ, ವಾಪಸ್ ಯಾಕೆ ಬಂದೆ ಅದನ್ನು ಹೇಳು. ಬಿಸಿಲು ಚೆನ್ನಾಗೇ ಇದೆಯಲ್ಲ ವಿಡಿಯೋದಲ್ಲಿ.

ರಶ್ಮಿ: 38ನೇ ಸೆಕೆಂಡಿಗೆ ಸೌಂಡ್ ಜಾಸ್ತಿ ಮಾಡಿ ಕೇಳಿ.

ಶ್ರೀಧರ ಚಿಕ್ಕಪ್ಪ: ಏನೋ ಧೊಪ್ ಅಂತು. ಯಾರೋ ಬಿದ್ದರಾ?

ರಶ್ಮಿ: ಯಾರೂ ಬೀಳಲಿಲ್ಲ. ನಾವು ನಿಂತಿದ್ದ ಹಿಮವೇ ಒಂದು ಬೆರಳಷ್ಟು ಕುಸಿಯಿತು. ಗೈಡ್ ಮಾತೇ ಆಡಲಿಲ್ಲ, ಕೋಲು ಎತ್ತಿ ಕೆಳಗೆ ತೋರಿಸಿದರು. ಒಬ್ಬೊಬ್ಬರೇ, ದೂರ ದೂರ ಇಳಿದೆವು.

ಶ್ರೀಧರ ಚಿಕ್ಕಪ್ಪ: ಒಂದು ಧೊಪ್‌ಗೆ ಹೆದರಿ ಓಡಿ ಬರುವುದಾ!

ಕಾರ್ತಿಕ್ (ಇನ್ಸ್‌ಬ್ರುಕ್, ಆಸ್ಟ್ರಿಯಾ): ಮಾವ, ಮೊರದಲ್ಲಿ ಸಣ್ಣ ರವೆ ಹರಡಿ, ಮೇಲೊಂದು ಹಪ್ಪಳ ಇಡಿ. ಆಮೇಲೆ ಮೊರ ಓರೆ ಮಾಡಿ. ಹಿಮವೂ ಹಾಗೇ: ಅಡಿಯಲ್ಲಿ ಸಡಿಲ ಹರಳು, ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಪದರ. ಆ ಧೊಪ್ ಅಂದರೆ ರವೆ ಕುಸಿದ ಸದ್ದು. 30ರಿಂದ 45 ಡಿಗ್ರಿ ಇಳಿಜಾರಾದರೆ ಹಪ್ಪಳ ಪೂರ್ತಿ ಜಾರುತ್ತದೆ, ಮೇಲಿದ್ದವರ ಸಮೇತ. ಇಲ್ಲಿ ದಿನಾ 1ರಿಂದ 5ರವರೆಗೆ ಹಿಮ ಜಾರುವ ಅಪಾಯದ ಅಂಕಿ ಕೊಡುತ್ತಾರೆ. ಹೆಚ್ಚು ಜನ ಸಾಯುವುದು 5ರಲ್ಲಲ್ಲ, 3ರಲ್ಲಿ. 5 ಇದ್ದರೆ ಯಾರೂ ಹೋಗುವುದಿಲ್ಲ. 3 ಅಂದರೆ ಪರವಾಗಿಲ್ಲ ಅನ್ನಿಸುತ್ತದೆ, ಬಿಸಿಲೂ ಇರುತ್ತದೆ.

ಸುಮತಿ ಅತ್ತೆ: ನೀನೂ ಹೋಗುತ್ತೀಯಾ ಕಾರ್ತಿಕ?

(ಕಾರ್ತಿಕ್ 14 ನಿಮಿಷ ಆನ್‌ಲೈನ್ ಇರಲಿಲ್ಲ. ಜಾಣ.)

ಶ್ರೀಧರ ಚಿಕ್ಕಪ್ಪ: ಗೈಡ್ ದುಡ್ಡು ವಾಪಸ್ ಕೊಟ್ಟನಾ?

ರಶ್ಮಿ: ಇಳಿಸಿಕೊಂಡು ಬಂದಿದ್ದಕ್ಕೇ ನಾನು ಇನ್ನೂ ಐನೂರು ಜಾಸ್ತಿ ಕೊಟ್ಟೆ.

ಗೀತಾ ದೊಡ್ಡಮ್ಮ: ಹಿಮ ಜಾರಿದ್ದರೆ?

ರಶ್ಮಿ: ಎಲ್ಲರ ಎದೆಗೂ ಬೀಕನ್ ಅಂತ ಒಂದು ಡಬ್ಬಿ ಕಟ್ಟಿರುತ್ತದೆ ಅಮ್ಮ. ಹೂತು ಹೋದರೂ ಸಿಗ್ನಲ್ ಕೊಡುತ್ತದೆ. ಉಳಿದವರು ಕೋಲು ಚುಚ್ಚಿ, ಸಲಿಕೆಯಲ್ಲಿ ಅಗೆಯಬೇಕು. ಹತ್ತು ಹದಿನೈದು ನಿಮಿಷದೊಳಗೆ.

ಗೀತಾ ದೊಡ್ಡಮ್ಮ: ಇದನ್ನೆಲ್ಲ ನಾನು ಗುಂಪಿನಲ್ಲಿ ನೋಡಿ ತಿಳಿಯಬೇಕಿತ್ತಾ?

ರಶ್ಮಿ: ಮೊದಲೇ ಹೇಳಿದ್ದರೆ ಬಿಡುತ್ತಿದ್ದೆಯಾ?

ಗೀತಾ ದೊಡ್ಡಮ್ಮ: ಮತ್ತೆ ಹೋಗುತ್ತೀಯಾ?

ರಶ್ಮಿ: ಮಾರ್ಚ್‌ಗೆ ಟಿಕೆಟ್ ಆಗಿದೆ.

ಗೀತಾ ದೊಡ್ಡಮ್ಮ: ಆ ಡಬ್ಬಿಗೆ ಹೊಸ ಬ್ಯಾಟರಿ ಹಾಕು. ಟಿವಿ ರಿಮೋಟಿನದು ಕಿತ್ತು ಹಾಕಬೇಡ.