ಹಗೆಯೋ, ದ್ವೇಷವೋ, ಬರೀ ‘ಕಂಡರಾಗದು’ ಸಾಕೋ?

ತೀರ್ಥಹಳ್ಳಿ ಕಡೆಯಿಂದ ಒಂದು ಪದದ ಪ್ರಶ್ನೆ. ಜಗಳ ಆಗಿಲ್ಲ, ಹೇಳಿಕೊಳ್ಳುವಂಥ ಕಾರಣವೂ ಇಲ್ಲ. ಆದರೂ ಒಬ್ಬರನ್ನು ನೋಡಿದರೆ ಒಳಗಿನಿಂದಲೇ ಬೇಡ ಅನ್ನಿಸುತ್ತದೆ, ಅದು ವರ್ಷಗಟ್ಟಲೆ ಹೋಗುವುದೂ ಇಲ್ಲ. ಇದಕ್ಕೆ ಏನನ್ನಬೇಕು? ನಿಘಂಟಿನಲ್ಲಿ ದ್ವೇಷ, ಹಗೆ, ವೈರ ಸಾಲಾಗಿ ಸಿಗುತ್ತವೆ. ನನಗೆ ಮೂರೂ ಒಪ್ಪಿಗೆಯಾಗಲಿಲ್ಲ.

ಹಗೆ ನಮ್ಮದೇ ಹಳೆಯ ಪದ. ಹಳಗನ್ನಡದಲ್ಲಿ ಪಗೆ, ಪಾಲು ಹಾಲಾದ ಹಾಗೆ ಇದೂ ಹಗೆಯಾಯಿತು. ತಮಿಳಿನಲ್ಲಿ ಪಗೈ, ತೆಲುಗಿನಲ್ಲಿ ಪಗ ಈಗಲೂ ಇವೆ. ಆದರೆ ಅದರ ಜೊತೆ ಬರುವ ಕ್ರಿಯಾಪದಗಳನ್ನು ನೋಡಿ. ಹಗೆಯನ್ನು ಕಟ್ಟಿಕೊಳ್ಳುತ್ತಾರೆ, ಸಾಧಿಸುತ್ತಾರೆ, ತೀರಿಸಿಕೊಳ್ಳುತ್ತಾರೆ. ಅಂದರೆ ಹಿಂದೆ ಏನೋ ನಡೆದಿರಬೇಕು, ಮುಂದೆ ಏನೋ ಮಾಡುವವರಿರಬೇಕು. ಅಡಿಕೆ ತೋಟದ ಅಗಳಿನ (ಅಂಚಿನ ಕಂದಕದ) ವಿಷಯಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು, ಮಕ್ಕಳ ಕಾಲಕ್ಕೂ ಅದು ಮುಂದುವರಿದರೆ ಹಗೆ ಅನ್ನಬಹುದು. ದ್ವೇಷವೂ ಹೆಚ್ಚುಕಡಿಮೆ ಅದೇ ದಾರಿ. ಪೇಪರಿನಲ್ಲಿ ‘ಹಳೇ ದ್ವೇಷ’ ಎಂದು ಕಂಡರೆ ಮುಂದಿನ ಸಾಲು ಯಾವುದೆಂದು ಗೊತ್ತೇ ಇದೆ, ಅಲ್ವಾ? ಜಿದ್ದು ಬೇರೆ, ಮುನಿಸು ಇನ್ನೂ ಬೇರೆ.

ಹಲಸಿನ ಹಣ್ಣನ್ನು ಇಟ್ಟು ನೋಡಿ. ‘ಅವಳಿಗೆ ಹಲಸಿನ ಹಣ್ಣು ಕಂಡರಾಗದು’ ಅಂದರೆ ಸರಿ. ‘ಹಲಸಿನ ಹಣ್ಣಿನ ಮೇಲೆ ಹಗೆ’ ಅಂದರೆ ಊರವರು ನಗುತ್ತಾರೆ. ನಾನು ಹುಡುಕುತ್ತಿರುವ ಭಾವ ಈ ‘ಕಂಡ್ರಾಗಲ್ಲ’ದಲ್ಲೇ ಇದೆ. ಮನುಷ್ಯರಿಗೂ ಆಗುತ್ತದೆ, ಹಣ್ಣಿಗೂ ಆಗುತ್ತದೆ, ಕಾರಣ ಕೇಳುವುದಿಲ್ಲ.

ಇದರಲ್ಲಿ ‘ಕಂಡರೆ’ ಸುಮ್ನೆ ಬಂದದ್ದಲ್ಲ. ‘ನನಗೆ ಬದನೆಕಾಯಿ ಆಗಲ್ಲ’ ಅಂದರೆ ತಿಂದರೆ ಮೈ ತುರಿಸುತ್ತದೆ ಎಂದು ತಿಳಿಯುತ್ತಾರೆ. ‘ಬದನೆಕಾಯಿ ಕಂಡರಾಗಲ್ಲ’ ಅಂದರೆ ಮೈಗೆ ಏನೂ ತೊಂದರೆಯಿಲ್ಲ, ಮನಸ್ಸಿಗೆ ಬೇಡ. ಇನ್ನು ‘ಅವರಿಬ್ಬರಿಗೂ ಆಗಲ್ಲ’ ಅಂದರೆ ಎರಡೂ ಕಡೆಯಿಂದ. ಎಣ್ಣೆ–ಸೀಗೆಕಾಯಿ ಅನ್ನುವುದು ಈ ಕೊನೆಯದಕ್ಕೆ ಮಾತ್ರ ಹೊಂದುತ್ತದೆ. ಒಬ್ಬರಿಗೆ ಮಾತ್ರ ಆಗದು, ಇನ್ನೊಬ್ಬರಿಗೆ ಅದರ ಸುಳಿವೇ ಇಲ್ಲ ಎಂಬಲ್ಲಿ ಅದನ್ನು ಬಳಸಲಾಗದು.

ತೊಡಕು ಇರುವುದು ನಾಮಪದದಲ್ಲಿ. ‘ಅವನ ಮನಸ್ಸಿನಲ್ಲಿದ್ದ ____’ ಎಂದು ಬರೆಯಬೇಕಾದಾಗ ಕೈ ನಿಲ್ಲುತ್ತದೆ. ‘ಕಂಡರಾಗದಿಕೆ’ ಎಂದು ಹೊಸೆಯಬಹುದು, ಆದರೆ ಯಾರ ಬಾಯಲ್ಲೂ ನಿಲ್ಲದು. ‘ಅಸಹನೆ’ ಹತ್ತಿರ ಬರುತ್ತದೆ, ಆದರೂ ಅದರಲ್ಲಿ ಆ ಹೊತ್ತಿನ ಸಿಡುಕು ಜಾಸ್ತಿ. ‘ತಿರಸ್ಕಾರ’ದಲ್ಲಿ ಎದುರಿನವರು ಕೀಳು ಎಂಬ ಭಾವ ಸೇರಿಕೊಳ್ಳುತ್ತದೆ.

ಸಾಗರ, ಸೊರಬ, ಹೊಸನಗರದ ಕಡೆ ಮನೆಮಾತಿನಲ್ಲಿ ಇದಕ್ಕೆ ಒಂದೇ ಪದ ಇದೆಯೇ? ಹಿರಿಯರ ಬಾಯಲ್ಲಿ ಕೇಳಿದ್ದರೆ ತಿಳಿಸಿ. ಬರೀ ಪದ ಬೇಡ, ಅವರು ಹೇಳಿದ ವಾಕ್ಯವನ್ನೂ ಹಾಗೇ ಬರೆಯಿರಿ.