‘ಮ್ಯಾಟ್ ಪೇಂಟಿಂಗ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸಿನಿಮಾ ತಂತ್ರದ ಬಗೆಗಿನ ಲೇಖನವೊಂದರ ಕರಡು ತಿದ್ದುತ್ತಿದ್ದೇನೆ. ಅನುವಾದಕರು ‘ಮ್ಯಾಟ್ ಪೇಂಟಿಂಗ್’ ಬಂದಲ್ಲೆಲ್ಲ ‘ಹೊಳಪಿಲ್ಲದ ವರ್ಣಚಿತ್ರ’ ಎಂದು ಬರೆದಿದ್ದಾರೆ. ಅವರನ್ನೇಕೆ ದೂರಲಿ? ಮನೆಗೆ ಬಣ್ಣ ಹೊಡೆಸಿದವರಿಗೆಲ್ಲ ಮ್ಯಾಟ್ ಎಂದರೆ ಮಿರುಗದ ಬಣ್ಣವೇ. ಪುಣ್ಯಕ್ಕೆ ‘ಚಾಪೆ ಚಿತ್ರ’ ಆಗಲಿಲ್ಲ!

ಸಿನಿಮಾದವರ ಮ್ಯಾಟ್ ಎಂದರೆ ಮರೆ. ಫಿಲ್ಮಿನ ಒಂದು ಭಾಗಕ್ಕೆ ಬೆಳಕು ತಾಗದಂತೆ ಕಪ್ಪು ತಡೆಯಿಟ್ಟು, ನಟರಿರುವ ಭಾಗವನ್ನಷ್ಟೇ ಮೊದಲು ತೆಗೆಯುತ್ತಿದ್ದರು. ಆಮೇಲೆ ಅದೇ ಫಿಲ್ಮಿನ ಖಾಲಿ ಜಾಗಕ್ಕೆ ಕೈಯಲ್ಲಿ ಬರೆದ ಅರಮನೆಯೋ ಆಕಾಶವೋ ಬಂದು ಕೂರುತ್ತಿತ್ತು. ಅದಕ್ಕೂ ಹಿಂದಿನ ಉಪಾಯ ಇನ್ನೂ ಸರಳ. 1907ರಲ್ಲಿ ನಾರ್ಮನ್ ಡಾನ್ ಎಂಬಾತ ಕ್ಯಾಲಿಫೋರ್ನಿಯಾದ ಹಳೆಯ ಕ್ರೈಸ್ತ ಮಿಷನ್ ಕಟ್ಟಡಗಳನ್ನು ಚಿತ್ರೀಕರಿಸುವಾಗ ಕ್ಯಾಮೆರಾ ಮುಂದೆ ಗಾಜು ನಿಲ್ಲಿಸಿ, ಬಿದ್ದುಹೋದ ಮಾಡು, ಕಮಾನುಗಳನ್ನು ಗಾಜಿನ ಮೇಲೆ ಬರೆದ. ಪಾಳುಗೋಡೆ ಮುಗಿದಲ್ಲಿಂದ ಬಣ್ಣ ಶುರು. ಕಳೆದ ಕಾಲವನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ಈ ಕಲೆಗೆ ಆಗಲೇ ಅಂಟಿಕೊಂಡಿತ್ತು.

ಈಗ ಗಾಜಿಲ್ಲ. ಗ್ರಾಫಿಕ್ಸ್ ಕೆಲಸದಲ್ಲಿರುವ ಅಕ್ಕನ ಮಗನನ್ನು ಕೇಳಿದರೆ, ‘ನಾವು ಡಿಎಂಪಿ ಅಂತೀವಿ ಮಾಮ, ಅಷ್ಟೇ’ ಎಂದ. ಡಿಜಿಟಲ್ ಮ್ಯಾಟ್ ಪೇಂಟಿಂಗ್ ಎಂಬುದರ ಮೊಟಕು. ಫೋಟೊಶಾಪಿನಲ್ಲಿ ಹಳೇ ಪೇಟೆಬೀದಿಯೊಂದರ ಪದರಗಳನ್ನು ಒಂದೊಂದಾಗಿ ತೆಗೆದು ತೋರಿಸಿದ. ಹೆಂಚು ಹೋಯಿತು, ಮಹಡಿ ಹೋಯಿತು. ಕೊನೆಗೆ ಹಸಿರು ಬಟ್ಟೆಯ ಮುಂದೆ ಒಂದು ಬಾಗಿಲು, ಒಂದು ಎತ್ತಿನಗಾಡಿ ಉಳಿದವು. ಆದರೆ ಪ್ರತಿ ಪದರದ ಪಕ್ಕದಲ್ಲೂ ಕಪ್ಪುಬಿಳುಪಿನ ಮಾಸ್ಕ್ ಇತ್ತು. ಹಳೆಯ ಕಪ್ಪು ತಡೆಯ ಮೊಮ್ಮಗ!

ಇನ್ನು ಪದದ ವಿಚಾರ. ‘ಹಿನ್ನೆಲೆ ಚಿತ್ರ’ ಸಾಲದು. 2007ರ ‘ಜೋಡಿಯಾಕ್’ ಸಿನಿಮಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟ್ರಾನ್ಸ್‌ಅಮೆರಿಕಾ ಪಿರಮಿಡ್ ಎಂಬ ಗಗನಚುಂಬಿ ನೋಡನೋಡುತ್ತ ಮೇಲೇಳುತ್ತದೆ. ನಿಜದಲ್ಲಿ ಆ ಕಟ್ಟಡ ಮುಗಿದದ್ದು 1972ರಲ್ಲಿ, ಹಾಗಾಗಿ ಸಿನಿಮಾದಲ್ಲಿ ಏಳುವುದು ಬರೆದದ್ದು. ಅಲ್ಲಿ ಬರೆದ ಕಟ್ಟಡವೇ ದೃಶ್ಯದ ನಾಯಕ, ಅದನ್ನು ಹಿನ್ನೆಲೆ ಎನ್ನುವುದು ಹೇಗೆ? ‘ಮರೆಚಿತ್ರ’ ಎನ್ನೋಣವೆಂದರೆ ಎರಡು ತೊಡಕು: ‘ಚಿತ್ರ’ ನಮ್ಮಲ್ಲಿ ಸಿನಿಮಾವೂ ಹೌದು, ‘ಮರೆ’ ಮರೆಯುವುದೂ ಹೌದು. ಓದುವವರು ಯಾವುದೋ ಮರೆತುಹೋದ ಸಿನಿಮಾ ಅಂದುಕೊಂಡಾರು. ‘ಮುಸುಕುಚಿತ್ರ’ದಲ್ಲಿ ಎರಡನೆಯ ತೊಡಕಾದರೂ ಇಲ್ಲ.

ನನ್ನ ಮನಸ್ಸು ಮಾತ್ರ ಕಂಪನಿ ನಾಟಕದ ಕಡೆ ಓಡುತ್ತಿದೆ. ದರ್ಬಾರ್ ಸೀನು, ಕಾಡಿನ ಸೀನು ಎಂದು ಪರದೆಯ ಮೇಲೆ ಬರೆಯುತ್ತಿದ್ದರಲ್ಲ, ಕೆಲಸ ಬಹುಮಟ್ಟಿಗೆ ಅದೇ. ‘ಪರದೆ’ಯನ್ನು ಸಿನಿಮಾ ಆಗಲೇ ಬೇರೆ ಅರ್ಥಕ್ಕೆ ಎತ್ತಿಕೊಂಡಿದೆ. ‘ಬರೆದ ಸೀನು’ ಎಂದರೆ ಚಿತ್ರಕಥೆಯ ಪುಟವಾಗಿಬಿಡುತ್ತದೆ. ಪರದೆ ಬರೆಯುತ್ತಿದ್ದವರ ಒಡನಾಟ ಇದ್ದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಬಣ್ಣದಲ್ಲಿ ಬರೆದ ಕಂಬವನ್ನು ರಂಗದ ಮೇಲಿನ ನಿಜವಾದ ಕಂಬಕ್ಕೆ ಅಂಚು ಕಾಣದಂತೆ ಕೂಡಿಸುವುದಕ್ಕೆ ಅವರು ಏನನ್ನುತ್ತಿದ್ದರು?