ಅಪ್‌ಡೇಟ್: ಸಂಜೀಗಷ್ಟೇ ಇಳೀಲಾರದ ಗ್ಯಾರೇಜ್ ಬಾಗಿಲು ಸರಿ ಆತು

ಹೋದ ವಾರ ಕೇಳಿದ್ದೆ: ವಿಜಯಪುರದ ನಮ್ಮ ಮನಿ ಮೋಟರ್ ಬಾಗಿಲು ಮುಂಜಾನೆ ಸರಿ ಇಳೀತೈತಿ, ಸಂಜಿ ಐದರ ಸುಮಾರಿಗೆ ಗೇಣುದ್ದ ಇಳದು ಹೊಳ್ಳಿ ಮ್ಯಾಲ ಹೋಗ್ತೈತಿ ಅಂತ. ರಿಪೇರಿ ಮಾಡಾವ ಮೋಟರ್‌ನ ಸರ್ಕ್ಯೂಟ್ ಬೋರ್ಡ್ ಹೋಗೈತಿ ಅಂದಿದ್ದ. ಬದಲಿ ಮಾಡಸಲಿಲ್ಲ, ಚೊಲೋ ಆತು.

ಗೋಡಿ ಮ್ಯಾಲಿನ ಬಟನ್ ಒತ್ತಿ ಹಿಡದ್ರ ಇಳೀತೈತೇನು ನೋಡ್ರಿ ಅಂತ ಒಬ್ಬ ಅಣ್ಣಾರು ಹೇಳಿದ್ರು. ಇಳೀತು! ಒತ್ತಿ ಹಿಡದ್ರ, ಏನರ ಅಡ್ಡ ಬಂತೇನು ನೋಡೋ ಸೆನ್ಸರ್‌ನ ಬಾಗಿಲು ಲೆಕ್ಕಕ್ಕ ತಗೊಳ್ಳಂಗಿಲ್ಲ. ಅಂದ್ರ ಮೋಟರ್ ಗಟ್ಟಿ ಐತಿ, ತಪ್ಪು ಕೆಳಗಿನ ಸೆನ್ಸರ್‌ದು. ಬಾಗಿಲಿನ ಎರಡೂ ಬಾಜೂ ಒಂದೊಂದು ಸೆನ್ಸರ್ ಇರತಾವ: ಒಂದು ಕಣ್ಣಿಗೆ ಕಾಣದ ಬೆಳಕು ಬಿಡ್ತೈತಿ, ಇನ್ನೊಂದು (ರಿಸೀವರ್) ಅದನ್ನ ಹಿಡೀತೈತಿ; ಬೆಳಕು ಸಿಗಲಿಲ್ಲಂದ್ರ ಬಾಗಿಲು ಹೊಳ್ಳಿ ಮ್ಯಾಲ ಹೋಗ್ತೈತಿ. ಧೂಳ ಒರಸಿದೆ, ಆದ್ರೂ ಸಂಜೀಗೆ ಅದ ಹಾಡು. ಆಮ್ಯಾಲ ಅಲ್ಲೇ ಕುಂತು ನೋಡಿದೆ. ನಮ್ಮ ಬಾಗಿಲು ದಕ್ಷಿಣಕ್ಕ. ಈ ಚಳಿಗಾಲದಾಗ ಇಳಿಬಿಸಿಲು ನೈರುತ್ಯದಿಂದ ಓರಿಯಾಗಿ ಬಂದು, ಪೂರ್ವದ ಕಡಿ ಇದ್ದ ರಿಸೀವರ್ ಕಣ್ಣಿಗೇ ಬಡೀತಿತ್ತು. ಅದರ ಸಣ್ಣ ದೀಪ ಆರಿತ್ತು. ರಟ್ಟು ಅಡ್ಡ ಹಿಡದೆ, ದೀಪ ಹತ್ತಿತು. ಆ ಕ್ಷಣದ ಖುಷಿ ಹೇಳಾಕ ಬರಂಗಿಲ್ಲ.

ಕರೆಂಟ್ ತಗದು, ಎರಡೂ ಸೆನ್ಸರ್ ಅದಲು ಬದಲು ಮಾಡಿದೆ. ರಿಸೀವರ್ ಈಗ ಪಶ್ಚಿಮದ ಕಡಿ ಐತಿ. ಪೂರ್ವಕ್ಕ ಬಾಜೂದವರ ಎರಡಂತಸ್ತಿನ ಮನಿ ಇರೋದ್ರಿಂದ ಮುಂಜಾನಿ ಬಿಸಿಲಿನ ಕಾಟ ಇಲ್ಲ. ಆರು ದಿನ ಆತು, ಒಮ್ಮೆನೂ ತಪ್ಪಿಲ್ಲ.

ಸೆನ್ಸರ್ ಕೆಲಸನ ಮಾಡದಂಗ ಅದರ ವೈರ್ ಕಿತ್ತು ಜೋಡಸಿಬಿಡ್ರಿ ಅಂದವರಿಗೆ ಒಂದ ಮಾತು: ಬ್ಯಾಡ್ರಿ. ಮಕ್ಕಳು ಅಡ್ಡ ಬಂದಾಗ ಬಾಗಿಲು ತಡಿಯೋದು ಅದ. ಕಸಬರಿಗಿ ಅಡ್ಡ ಹಿಡದು ನೋಡಿದೆ, ತಕ್ಷಣ ಮ್ಯಾಲ ಹೋತು.

ಬಟನ್ ವಿಷಯ ಹೇಳಿದ ಅಣ್ಣಾರಿಗೆ ಮನಸಾರೆ ಶರಣು.